ಬಸುರಿ ಹೊಲಕ್ಕೊಂದು ತುತ್ತು

ಹಸ್ತೆ ಮಳೆ ಹಿಡಿದು ಬಿಟ್ಟ ಮಾರನೆಯ ಬೆಳಗ್ಗೆ ಕರೀಮ್ ಸಾಬ್ ಬಂದು ಶಿವರುದ್ರಮ್ಮನ ಜಗುಲಿ ಕೆಳಗೆ ನಿಂತ. ಕಾಲಿಗೆಲ್ಲ ಕೆಂಪು ಮಣ್ಣು ಮೆತ್ತಿತ್ತು. ಕೈಯಲ್ಲಿ ಒಂದು ರಾಗಿ ಪೈರು. ಅದನ್ನು ಜಗುಲಿಯ ಮೇಲಿಟ್ಟ.

"ಹೊಡೆ ಕಟ್ಟೈತೆ ಅತ್ತಿಗೆ. ಇಲ್ಲಿ ಹಿಸುಕಿ ನೋಡಿ."

ಶಿವರುದ್ರಮ್ಮ ಹಿಸುಕಲಿಲ್ಲ. ಕಣ್ಣಿಗೇ ಕಾಣುತ್ತಿತ್ತು. ತೆನೆ ಇನ್ನೂ ಹೊರಗೆ ಬಂದಿಲ್ಲ, ಎಲೆಯ ಮಡಿಕೆಯೊಳಗೆ ದಪ್ಪಗೆ ಕೂತಿದೆ. ಹಾಗಿರುವ ಪೈರನ್ನು ಪುರವರದ ಕಡೆಯ ಆ ಊರಲ್ಲಿ ಬಸುರಿ ಅನ್ನುತ್ತಾರೆ. ಬಸುರಿ ಹೆಂಗಸಿಗೆ ಬಯಕೆ ಊಟ ಇಕ್ಕುವ ಹಾಗೆ ಹೊಲಕ್ಕೂ ಇಕ್ಕುತ್ತಿದ್ದರು. ಈಗ ಬಹಳ ಮನೆಯವರು ಬಿಟ್ಟಿದ್ದಾರೆ. ಅವಳ ಗಂಡ ವೃಷಭೇಂದ್ರಪ್ಪ ಬಿಟ್ಟಿರಲಿಲ್ಲ.

"ಅಣ್ಣ ಇದ್ದಿದ್ರೆ ಇವತ್ತೇ ಇಕ್ಕಿರೋನು. ಈ ಸಲ ಯಾರು ಇಕ್ಕಾದು?"

"ಉತ್ತಿದ್ದು ನೀನು, ಬಿತ್ತಿದ್ದು ನೀನು. ನೀನೇ ಇಕ್ಕು ಕರೀಮಣ್ಣ."

"ನಾನು ಇಕ್ಕಂಗಿಲ್ಲ. ಆ ಹೊಲದ ಹೆಣ್ಮಗಳೇ ಇಕ್ಬೇಕು."

"ಇಷ್ಟು ವರ್ಷ ಯಾವ ಹೆಣ್ಮಗಳು ಇಕ್ಕಿದ್ಲಪ್ಪ?"

ಕರೀಮ್ ಸಾಬ್ ತಲೆಗೆ ಸುತ್ತಿದ ಟವೆಲ್ ಬಿಚ್ಚಿ ಮುಖ ಒರೆಸಿಕೊಂಡ. ಸ್ವಲ್ಪ ನಾಚಿಕೆಯಾಯಿತು ಅವನಿಗೆ.

"ನಾನೇ," ಅಂದ.

ಶಿವರುದ್ರಮ್ಮ ಅವನ ಬಿಳಿ ಗಡ್ಡ ನೋಡಿದಳು.

"ಅದಕ್ಕೆ ಇಬ್ರು ಬೇಕು ಅತ್ತಿಗೆ. ಗಂಡ ಮುಂದೆ ಓಯ್ತಾನೆ, 'ಉಂಡ್ಯೇನವ್ವಾ' ಅಂತ ಕೂಗ್ತಾನೆ. ಹೆಂಡ್ತಿ ಹಿಂದ್ಲಿಂದ ತುತ್ತು ಇಕ್ಕತಾ ಭೂಮ್ತಾಯಿ ಬದ್ಲಿಗೆ ಓಗೊಡ್ತಾಳೆ, 'ಉಂಡೆ ಕಣಪ್ಪಾ, ಹೊಟ್ಟೆ ತುಂಬ್ತು' ಅಂತ. ನೀವು ಬರ್ತಿರ್ನಿಲ್ಲ. ನಮ್ಮೋಳು ನಾನ್ ಬತ್ತೀನಿ ಅಂದ್ಲು. ಅಣ್ಣ ಒಪ್ನಿಲ್ಲ. ಬ್ಯಾರೆ ಹೆಂಗಸು ಹಿಂದೆ ಬಂದ್ರೆ ಅದು ರುದ್ರಿ ಜಾಗಕ್ಕೆ ಬಂದಂಗಾಯ್ತದೆ, ನೀನ್ ಬಾ, ನಿನ್ನ ಕಂಡ್ರೆ ಅವಳೇನೂ ಬೇಜಾರು ಮಾಡ್ಕಳಲ್ಲ ಅಂದ. ಇದೇ ಟವೆಲ್ ಸೆರಗು ಹೊದ್ಕಂಡಂಗೆ ಹೊದ್ಕಂಡು ಓಯ್ತಿದ್ದೆ. ದನಿ ಸಣ್ಣ ಮಾಡ್ಕಂಡು ಓಗೊಡ್ತಿದ್ದೆ."

ಶಿವರುದ್ರಮ್ಮನಿಗೆ ನಗು ಬಂತು. ಬಂದಷ್ಟೇ ಬೇಗ ಹೋಯಿತು.

"ಅಡಿಗೆ?"

"ಅಮೀನಾ ಮಾಡೋಳು. ಹುಳಿಯನ್ನ, ಚಿಗಳಿ. ಬೆಳ್ಳುಳ್ಳಿ ಹಾಕ್ತಿರ್ನಿಲ್ಲ, ನೀವು ಅನುಮಾನ ಪಡಬ್ಯಾಡಿ." ಅವನು ಪೈರನ್ನು ಮತ್ತೆ ಕೈಗೆ ತಗೊಂಡ. "ಹೊಡೆ ಬಾಳ ದಿವ್ಸ ನಿಲ್ಲಲ್ಲ ಅತ್ತಿಗೆ. ಬಿಸಿಲು ಬಿದ್ರೆ ತೆನೆ ಆಚಿಕೆ ಬಂದ್ಬುಡ್ತದೆ. ಹೆತ್ತೋಳಿಗೆ ಬಯಕೆ ಇಕ್ಕಕಾಯ್ತದಾ? ಬಿರ್ರನೆ ಯೋಚ್ನೆ ಮಾಡಿ."

ಅವನು ಹೋದ ಮೇಲೆ ಶಿವರುದ್ರಮ್ಮ ಅಲ್ಲೇ ಕೂತಳು. ಒಲೆ ಹಚ್ಚಲಿಲ್ಲ.

ಅವಳು ಕೊರಟಗೆರೆಯವಳು. ಅಪ್ಪ ವಿಭೂತಿ, ಲಿಂಗದ ಕರಡಿಗೆ, ಶಿವದಾರ ಮಾರುತ್ತಿದ್ದ. ನಾಲ್ಕನೇ ಕ್ಲಾಸಿಗೆ ಶಾಲೆ ಬಿಡಿಸಿದ್ದ. ಕೊರಳಲ್ಲಿ ಲಿಂಗ ಇರುವವರು ಕಲ್ಲಿಗೆ, ಮರಕ್ಕೆ, ಮಣ್ಣಿಗೆ ಕೈ ಮುಗಿಯಬಾರದು ಅನ್ನುವುದೊಂದನ್ನು ಮಾತ್ರ ಚೆನ್ನಾಗಿ ಕಲಿಸಿದ್ದ. ಅಂಥ ಮನೆಯಿಂದ ಬಂದು ವೃಷಭೇಂದ್ರಪ್ಪನಂಥವನ ಕೈಹಿಡಿದಳು.

ಅವನ ಕೊರಳಲ್ಲೂ ಲಿಂಗವಿತ್ತು. ಬೆಳಗ್ಗೆ ಎದ್ದು ಪೂಜೆ ಮಾಡುತ್ತಿದ್ದ. ಅದು ಮುಗಿದ ಮೇಲೆ ಹೊರಗೆ ಬಂದು ಸೂರ್ಯನಿಗೆ ಕೈ ಮುಗಿಯುತ್ತಿದ್ದ, ಹೊಲಕ್ಕೆ ಹೋಗಿ ಹೊಂಗೆ ಮರ ಮುಟ್ಟುತ್ತಿದ್ದ. ಗೋಡೆಯ ಕ್ಯಾಲೆಂಡರ್ ಅವನಿಗೆ ಹಾಲಿನ ಲೆಕ್ಕಕ್ಕೆ ಮಾತ್ರ. ಕಕ್ಕೆ ಹೂ ಬಿಟ್ಟರೆ ತಿಪ್ಪೆ ಗೊಬ್ಬರ ಹೊಡೆಯುವ ಕಾಲ. ಇರುವೆ ಮೊಟ್ಟೆ ಕಚ್ಚಿಕೊಂಡು ಗೋಡೆ ಹತ್ತಿದರೆ ಬಿತ್ತಲು ಕೂರಿಗೆ ತೆಗೆಯುವ ಕಾಲ. ಆರಿದ್ರೆ ಮಳೆ ಬಿದ್ದ ಮೇಲೆ ಮಣ್ಣಿನಿಂದ ಒಂದು ಕೆಂಪು ಹುಳ ಏಳುತ್ತದೆ, ಮಕಮಲ್ಲಿನ ಬಟ್ಟೆ ಹೊಲಿಸಿಕೊಂಡ ಹಾಗೆ. ಅದನ್ನು ಅಂಗೈಯಲ್ಲಿಟ್ಟುಕೊಂಡು ಮನೆಗೆ ತರುತ್ತಿದ್ದ.

"ನೋಡೆ ರುದ್ರಿ. ವರ್ಸಾ ಪೂರ್ತಿ ಒಳಗಿತ್ತು. ಈಗ ಹೊಸಾ ಸೀರೆ ಉಟ್ಕಂಡು ಬಂದೈತೆ."

"ಆಚೆ ಬುಡು ಅದನ್ನ. ಹುಳ ಹಿಡ್ಕಂಡು ಒಳೀಕೆ ಬತ್ತಾನೆ."

ಬಿಟ್ಟು ಬರುತ್ತಿದ್ದ. ಬೇಜಾರು ಮಾಡಿಕೊಳ್ಳುತ್ತಿರಲಿಲ್ಲ. ಅವನ ಬಾಯಲ್ಲಿ ಸತ್ತಿತು ಅನ್ನುವ ಮಾತು ಬರುತ್ತಿರಲಿಲ್ಲ. ಒಣಗಿದ ಗಿಡ, ಬತ್ತಿದ ಕುಂಟೆ, ಎಲ್ಲಕ್ಕೂ ಅವನದು ಒಂದೇ ಮಾತು: "ಒಳೀಕೆ ಓಗೈತೆ. ಬತ್ತದೆ." ಯುಗಾದಿ ಹತ್ತಿರವಾಗಿ ಹೊಂಗೆ ಎಲೆಯೆಲ್ಲ ಉದುರಿ ಮರ ಬೋಳಾದಾಗ, ಎಲೆ ಬಿತ್ತು ಅಂದರೆ ತಿದ್ದುತ್ತಿದ್ದ. ಬಿತ್ತು ಅನ್ನಬೇಡ, ಇಳೀತು ಅನ್ನು ಅನ್ನುತ್ತಿದ್ದ.

ಊರವರಿಗೆ ಇದು ತಮಾಷೆ. ಶಿವರುದ್ರಮ್ಮನಿಗೂ ಮೊದಮೊದಲು ತಮಾಷೆಯೇ ಆಗಿತ್ತು.

ಮದುವೆಯಾದ ವರ್ಷವೇ ಅವಳು ಬಸುರಿಯಾದಳು. ಆ ಸಲ ರಾಗಿ ಹೊಡೆ ಕಟ್ಟಿದಾಗ ಬಸುರಿ ಬಸುರಿಗೆ ಇಕ್ಕಬಾರದು ಅಂತ ಗಂಡನ ಅಕ್ಕ ಸಿದ್ದಗಂಗಮ್ಮ ಪಾವಗಡದ ಕಡೆಯ ತಿರುಮಣಿಯಿಂದ ಬಂದು ಹೊಲಕ್ಕೆ ಇಕ್ಕಿ ಹೋದಳು. ಶಿವರುದ್ರಮ್ಮ ಮನೆಯಲ್ಲೇ ಕೂತು, ಹೊಲಕ್ಕೆ ಒಯ್ಯುವ ಮೊದಲೇ ಅವಳಿಗೆ ಅಂತ ತೆಗೆದಿಟ್ಟ ಚಿಗಳಿ ತಿಂದಳು. ಎಳ್ಳು ಬೆಲ್ಲ ಕುಟ್ಟಿದ ಆ ಉಂಡೆ ಬಾಯಿಗೆ ಬಲು ರುಚಿಯಾಗಿತ್ತು. ಕೈ ತುಂಬ ಹಸಿರು ಬಳೆ ತೊಟ್ಟಿದ್ದಳು.

ರಾಗಿ ಕಣಕ್ಕೆ ಬಂತು. ಮಗು ಮಾಗಿಯಲ್ಲಿ ಹುಟ್ಟಿತು. ಹೆಣ್ಣು. ಅಳಲೇ ಇಲ್ಲ.

ವೃಷಭೇಂದ್ರಪ್ಪ ಅದನ್ನು ಹೊಸ ಟವೆಲಿನಲ್ಲಿ ಸುತ್ತಿಕೊಂಡು ಹೊಲಕ್ಕೆ ಹೋದ. ವಾಪಸು ಬಂದು ಕಾಲು ತೊಳೆದು ಅವಳ ಹತ್ತಿರ ಕೂತ. ತಿಳಿದಿದ್ದ ಒಂದೇ ಮಾತು ಹೇಳಿದ.

"ಒಳೀಕೆ ಓಗದೆ ಕಣೆ ರುದ್ರಿ. ಬತ್ತದೆ."

"ನನ್ ಮಗೀನ ರಾಗಿ ಕಾಳು ಅಂದ್ಕಂಡ್ಯಾ?" ಅಂದಳು ಶಿವರುದ್ರಮ್ಮ. "ಇನ್ನೊಂದು ದಿವ್ಸ ಆ ಮಾತು ಎತ್ತಿದ್ರೆ ನಾನು ಕೊರಟಗೆರೆಗೆ ಓಯ್ತೀನಿ."

ಅವನು ಎತ್ತಲಿಲ್ಲ. ಮಗುವಿನ ಮಾತೇ ಆ ಮನೆಯಲ್ಲಿ ಮತ್ತೆ ಯಾರೂ ಎತ್ತಲಿಲ್ಲ. ಬೇರೆ ಮಗು ಬರಲೂ ಇಲ್ಲ.

ಮುಂದಿನ ವರ್ಷ ಹೊಡೆ ಕಟ್ಟಿದಾಗ ಬಾಗಿಲಲ್ಲಿ ನಿಂತು ಕರೆದ. "ಬಾರೆ, ಉಣ್ಣಿಸ್ಬುಟ್ಟು ಬರಾನ."

"ಕೊರಳಾಗೆ ಲಿಂಗ ಕಟ್ಕಂಡೋಳು ಮಣ್ಣಿಗೆ ಮಡ್ಲು ತುಂಬ್ತಾಳಾ? ನಮ್ಮಪ್ಪ ಕೇಳಿದ್ರೆ ನಗ್ತಾನೆ."

ಬಾಯಲ್ಲಿ ಹೇಳಿದ್ದು ಲಿಂಗದ ಮಾತು. ಒಳಗಿದ್ದದ್ದು ಬೇರೆ. ವರ್ಷ ವರ್ಷ ಬಸುರಿಯಾಗಿ ವರ್ಷ ವರ್ಷ ಹೆರುವ ಆ ಹೊಲವನ್ನು ಕಂಡರೆ ಅವಳಿಗೆ ಆಗುತ್ತಿರಲಿಲ್ಲ. ತನಗೆ ಒಂದು ಸಲ ಕೊಡದ್ದನ್ನು ಆ ಮಣ್ಣಿಗೆ ಸಲ ಸಲವೂ ಕೊಡುತ್ತಾರೆ. ಅದಕ್ಕೆ ತಾನು ಹೋಗಿ ತುತ್ತು ಇಕ್ಕಬೇಕೆ?

ಬಿತ್ತನೆಗೆ ಮಾತ್ರ ಹೋಗುತ್ತಿದ್ದಳು. ಕೂರಿಗೆಯವನು ರಾಗಿ ಬಿತ್ತಿಕೊಂಡು ಮುಂದೆ ಹೋದರೆ ನಡುನಡುವೆ ಒಂದು ಸಾಲು ತೊಗರಿಗೆ, ಅವರೆಗೆ ಬಿಡುತ್ತಾರೆ. ಅಕ್ಕಡಿ ಸಾಲು. ಅದಕ್ಕೆ ಕಾಳು ಬಿಡುವುದು ಹೆಂಗಸರ ಕೆಲಸ. ಅವಳ ಕೈ ತಪ್ಪುತ್ತಿರಲಿಲ್ಲ. ಅದು ಕೆಲಸ, ಪೂಜೆಯಲ್ಲ. ಹಾಗಂತ ತನಗೆ ತಾನೇ ಹೇಳಿಕೊಂಡಿದ್ದಳು.

ಅವನು ಪ್ರತಿ ವರ್ಷ ಕರೆದ. ಹೋಗ್ತಾ ಹೋಗ್ತಾ ಕರೆಯುವುದು ಕಮ್ಮಿಯಾಯಿತು. ಕೊನೆಕೊನೆಗೆ ಬಾಗಿಲಲ್ಲಿ ಒಂದು ಗಳಿಗೆ ನಿಲ್ಲುತ್ತಿದ್ದ, ಅಷ್ಟೆ. ಅವಳು ಕಸ ಗುಡಿಸುತ್ತಿದ್ದಳು, ಇಲ್ಲ ಅಕ್ಕಿ ಆರಿಸುತ್ತಿದ್ದಳು. ತಲೆ ಎತ್ತುತ್ತಿರಲಿಲ್ಲ. ಅವನು ಹೋಗುತ್ತಿದ್ದ.

ಹೋದ ಮಾಗಿಯಲ್ಲಿ ಕಣದಲ್ಲಿ ರಾಗಿ ತೂರುತ್ತಿದ್ದವನು ಕೂತ. ಸುಸ್ತಾಗಿರಬೇಕು ಅಂದುಕೊಂಡರು. ಹತ್ತಿರ ಹೋಗಿ ನೋಡಿದರೆ ಮೊರ ಕೈಯಲ್ಲೇ ಇತ್ತು, ಅವನಿರಲಿಲ್ಲ. ಅವರ ಪದ್ಧತಿಯ ಪ್ರಕಾರ ಅಂಗೈಗೆ ಲಿಂಗ ಕೊಟ್ಟು ಕೂರಿಸಿ, ಹೊಲದ ಮೂಲೆಯ ಹೊಂಗೆ ಕೆಳಗೆ ಮಣ್ಣು ಮಾಡಿದರು. ಯುಗಾದಿಗೆ ಮುಂಚೆ ಹೊಂಗೆ ಎಲೆಯೆಲ್ಲ ಅವನ ಮೇಲೆ ಬಿತ್ತು. ಇಳೀತು ಅನ್ನಲು ಅವಳಿಗೆ ನಾಲಿಗೆ ಹೊರಳಲಿಲ್ಲ. ಆರಿದ್ರೆ ಮಳೆಗೆ ಕೆಂಪು ಹುಳ ದಾರಿ ತುಂಬ ಎದ್ದವು. ಶಿವರುದ್ರಮ್ಮ ಒಂದನ್ನು ಅಂಗೈಗೆ ಹತ್ತಿಸಿಕೊಂಡಳು. ಮನೆಗೆ ತಂದಳು. ತೋರಿಸಲು ಯಾರೂ ಇರಲಿಲ್ಲ. ಒಯ್ದು ಬಿಟ್ಟು ಬಂದಳು.

ಜಗುಲಿ ಮೇಲೆ ಕೂತು ಇದೆಲ್ಲ ನೆನೆದು, ಮಧ್ಯಾಹ್ನದ ಹೊತ್ತಿಗೆ ತಾನೇ ಹೋಗಿ ಇಕ್ಕುವುದು ಅಂತ ಗಟ್ಟಿ ಮಾಡಿಕೊಂಡಳು. ಅವನು ಕರೆದಾಗ ಹೋಗಲಿಲ್ಲ. ಈಗ ಅವನೂ ಅದೇ ಹೊಲದೊಳಗಿದ್ದಾನೆ. ಒಂದು ಸಲವಾದರೂ ಇಕ್ಕಬೇಕು. ಹುಣಸೆಹಣ್ಣು ನೆನೆಹಾಕಿದಳು.

ಅಲ್ಲಿಗೇ ಬಿಟ್ಟು ನಡೆದಿದ್ದರೆ ಆಗುತ್ತಿತ್ತು. ಕ್ರಮ ಕೇಳೋಣ ಅಂತ ಸಿದ್ದಗಂಗಮ್ಮನಿಗೆ ಫೋನ್ ಮಾಡಿದಳು.

"ಏಮೆ ರುದ್ರಿ, ನಿಂಗೇನು ತಲೆ ನೆಟ್ಟಗೈತಾ?" ಅಂದಳು ಸಿದ್ದಗಂಗಮ್ಮ. "ಗಂಡ ಇಲ್ದೋಳು ಮಡ್ಲು ತುಂಬಿದ್ರೆ ಹೊಲ ಜಳ್ಳಾಯ್ತದೆ. ತೆನೆ ನಿಂತ್ಕಂತದೆ, ಕಾಳು ಕಟ್ಟಲ್ಲ. ಮುತ್ತೈದೆ ಇಕ್ಬೇಕು. ನಾನ್ ಬತ್ತೀನಿ, ಸೋಮವಾರ. ನೀನು ಮುಟ್ಬ್ಯಾಡ."

"ಅಕ್ಕಾ, ಇದೊಂದು ಸಲ..."

"ಇಲ್ ಕೇಳೆ." ಸಿದ್ದಗಂಗಮ್ಮನ ದನಿ ಇಳಿಯಿತು. "ನಮ್ಮ ನೆಲ ನೀನು ನೋಡಿದ್ಯಲ್ಲ. ಸೋಲಾರ್ ಗಾಜಿನ ಕೆಳೀಕೆ ಮಲ್ಗೈತೆ. ಬಿಸಿಲೆಲ್ಲ ಗಾಜಿಗೆ, ನೆಲುಕ್ಕೆ ಬರೀ ನೆಳ್ಳು. ಅದಿನ್ನು ಬಸುರಿ ಆಗಾದು ಯಾವಾಗ? ಇಕ್ಕಾನ ಅಂದ್ರೆ ನಂಗೆ ಹೊಲ ಇಲ್ಲ ಕಣೆ. ತಮ್ಮನ ಹೊಲಕ್ಕಾದ್ರೂ ಇಕ್ತೀನಿ. ಬುಡು."

ಶಿವರುದ್ರಮ್ಮ ಬಿಟ್ಟಳು. ಜಳ್ಳು ಅನ್ನುವ ಮಾತು ಎದೆಗೆ ನಾಟಿತ್ತು. ತನ್ನ ಮಡಿಲೊಂದು ಹಾಗಾಯಿತು. ಅವನ ಹೊಲವನ್ನೂ ತಾನೇ ಹಾಗೆ ಮಾಡಿದರೆ? ನೆನೆದ ಹುಣಸೆಯನ್ನು ಸಾರಿಗೆ ಹಾಕಿದಳು.

ಸೋಮವಾರ ಸಿದ್ದಗಂಗಮ್ಮ ಬರಲಿಲ್ಲ. ಮಂಡಿ ಊದಿದೆ, ನಾಳೆ ಬರುತ್ತೇನೆ ಅಂದಳು. ನಾಳೆ ಅಂದರೆ ನಾಡಿದ್ದು ಅಂದಳು. ಬಿಸಿಲು ಬಿತ್ತು. ಹಸ್ತೆ ಕಳೆದು ಚಿತ್ತೆ ಹುಟ್ಟುವ ಹೊತ್ತಿನ ಬಿಸಿಲು, ಮೈ ಚುರುಗುಟ್ಟುವ ಬಿಸಿಲು. ಕರೀಮ್ ಸಾಬ್ ದಾರಿಯಲ್ಲಿ ಹೋಗುತ್ತ ಜಗುಲಿ ಕಡೆ ನೋಡಿ ಆಕಾಶದ ಕಡೆ ನೋಡಿದ.

ಕೊನೆಗೆ ಒಂದು ಬೆಳಗ್ಗೆ ಸಿದ್ದಗಂಗಮ್ಮನೇ ಫೋನ್ ಮಾಡಿದಳು. ಅಳುತ್ತಿದ್ದಳು.

"ಬಸ್ ಹತ್ತಕಾಗ್ನಿಲ್ಲ ಕಣೆ. ಸ್ಟಾಂಡ್‌ತನಕ ಓಗಿ ವಾಪಸ್ ಬಂದ್ಬುಟ್ಟೆ. ನೀನೇ ಇಕ್ಬುಡು."

"ನಾನು ಇಕ್ಕಬಾರ್ದು ಅಂದ್ಯಲ್ಲಕ್ಕಾ."

"ಅಂದೆ. ನಂಗೆ ಬರ್ಬೇಕು ಅನ್ನಿಸ್ತು, ಅದುಕ್ಕೆ ಅಂದೆ. ಯಾರು ಕಂಡವ್ರೆ? ನಿನ್ನ ಹೊಲ ಅಲ್ವೇನೆ ಅದು."

ಶಿವರುದ್ರಮ್ಮ ಫೋನ್ ಇಟ್ಟಳು. ಬೈಯಬೇಕು ಅನ್ನಿಸಿತು. ಯಾರನ್ನು ಬೈಯುವುದು? ಅಕ್ಕ ಹೇಳಿದಳು, ನಿಜ. ಅದನ್ನೇ ಹಿಡಿದು ನಿಂತವಳು ತಾನು. ವರ್ಷ ವರ್ಷವೂ ಒಂದು ನೆಪ ಸಿಗುತ್ತಿತ್ತು, ಈ ವರ್ಷವೂ ಸಿಕ್ಕಿತು.

ಹೊತ್ತು ಏರುವ ಮೊದಲೇ ಹುಳಿಯನ್ನ ಕಲಸಿದಳು. ಒಂದು ತುತ್ತು ಬಾಯಿಗೆ ಹಾಕಿಕೊಂಡು ನೋಡಿದರೆ ಉಪ್ಪು ಹೆಚ್ಚಾಗಿತ್ತು. ಎಳ್ಳು ಬೆಲ್ಲ ಕುಟ್ಟಲು ಕರೀಮ್ ಸಾಬನ ಹೆಂಡತಿ ಅಮೀನಾಬಿ ಬಂದಳು. ಒನಕೆ ಹಿಡಿದುಕೊಂಡು ನಗುತ್ತಿದ್ದಳು.

"ಅಕ್ಕಾ, ಇವತ್ತಿಂದ ನಮ್ಮೆಜಮಾನ್ರು ಸೀರೆ ಬಿಚ್ಚಿಟ್ರು ಅನ್ನಿ. ಇಷ್ಟು ವರ್ಷ ನಂಗೊಬ್ಳು ಸವತಿ ಇದ್ದಂಗಿತ್ತು."

"ನೀನು ನೋಡಿದ್ಯಾ ಅವ್ರನ್ನ?"

"ನೋಡ್ದೆ ಏನು? ಬೇಲಿ ಸಂದೀಲಿ ನಿಂತ್ಕಂಡು ನೋಡೋಳು. ನಿಮ್ಮೋರು ಮುಂದೆ, ನಮ್ಮೋರು ಹಿಂದೆ. ಗಡ್ಡ ಕಾಣ್ಬಾರ್ದು ಅಂತ ಟವೆಲ್ ಕಚ್ಕಂಡಿರೋರು. ಯಾ ಅಲ್ಲಾ, ನಕ್ಕು ನಕ್ಕು ಸಾಕಾಗೋದು." ಆಮೇಲೆ ನಗು ನಿಲ್ಲಿಸಿದಳು. "ಅಣ್ಣ ಮಾತ್ರ ನಗ್ತಿರ್ನಿಲ್ಲಕ್ಕಾ. ಹಿಂದೆ ತಿರುಗೂ ನೋಡ್ತಿರ್ನಿಲ್ಲ."

ತಿರುಗಿ ನೋಡಿದರೆ ಕರೀಮ್ ಸಾಬ್ ಕಾಣುತ್ತಿದ್ದ. ನೋಡದೆ ಇದ್ದರೆ ಯಾರು ಬೇಕಾದರೂ ಇರಬಹುದಿತ್ತು. ಶಿವರುದ್ರಮ್ಮ ಉಂಡೆ ಕಟ್ಟುತ್ತಿದ್ದ ಕೈ ನಿಲ್ಲಿಸಿ, ಮತ್ತೆ ಕಟ್ಟಿದಳು.

ಮೂವರೂ ಹೊಲಕ್ಕೆ ಹೋದರು. ಕರೀಮ್ ಸಾಬ್ ಬೇಲಿಯ ಮುಳ್ಳು ಸರಿಸಿ ಒಳಗೆ ಕಾಲಿಟ್ಟವನು ಅಲ್ಲೇ ನಿಂತ. ಅವನ ಬೆನ್ನ ಹಿಂದಿನಿಂದ ಶಿವರುದ್ರಮ್ಮ ನೋಡಿದಳು.

ತೆನೆ ಬಂದುಬಿಟ್ಟಿತ್ತು. ಉದ್ದಕ್ಕೂ ಬಂದಿತ್ತು. ಎಲೆಯ ಮಡಿಕೆ ಬಿಚ್ಚಿ, ಹಸಿರು ತೆನೆಗಳು ಬೆರಳು ಮಡಿಸಿಕೊಂಡು ನಿಂತಿದ್ದವು. ಎಳೆ ಕೂಸಿನ ಮುಷ್ಟಿಯ ಹಾಗೆ.

ತಲೆಯ ಮೇಲಿನ ಬುಟ್ಟಿ ಇಳಿಸಬೇಕೋ ಬೇಡವೋ ಅವಳಿಗೆ ತಿಳಿಯಲಿಲ್ಲ.

"ತಡ ಆಯ್ತು," ಅಂದಳು.

"ಆಯ್ತು ಅತ್ತಿಗೆ," ಅಂದ ಕರೀಮ್ ಸಾಬ್. ಅವನಿಗೆ ಸುಳ್ಳು ಹೇಳಿ ಸಮಾಧಾನ ಮಾಡಲು ಬರುತ್ತಿರಲಿಲ್ಲ. "ಇವತ್ತೋ ನೆನ್ನೆಯೋ ಬಂದೈತೆ. ಇದುಕ್ಕೆ ಇನ್ನು ಇಕ್ಕಂಗಿಲ್ಲ."

ಅಮೀನಾಬಿ ಗಂಡನ ತೋಳು ಚಿವುಟಿದಳು. ಅವನು ತೋಳು ಉಜ್ಜಿಕೊಂಡು ಹೊಂಗೆ ಕಡೆ ನಡೆದ. "ಮರದ ಬುಡುಕ್ಕಾದ್ರೂ ಬನ್ನಿ. ಮೊದಲ್ನೇ ತುತ್ತು ಅಣ್ಣ ಅಲ್ಲಿಗೇ ಇಕ್ಕಿಸೋನು."

ಹೊಂಗೆ ಕೆಳಗೆ ವೃಷಭೇಂದ್ರಪ್ಪನ ಮಣ್ಣಿನ ಗುಡ್ಡೆ ಮಳೆಗೆ ತಗ್ಗಿತ್ತು. ಮೇಲೆ ಗರಿಕೆ ಹಬ್ಬಿತ್ತು. ಕರೀಮ್ ಸಾಬ್ ಅದನ್ನು ತೋರಿಸಲಿಲ್ಲ. ಮರದ ಮೂಡಲ ಕಡೆ, ಬೇರಿನ ಸಂದಿಯಲ್ಲಿ ಹೂತ ಒಂದು ಸಣ್ಣ ಕಲ್ಲು ತೋರಿಸಿದ.

"ಇಲ್ಲಿ."

"ಇಲ್ಲಿ ಯಾರಿಗೆ?"

ಕರೀಮ್ ಸಾಬ್ ಅವಳ ಮುಖ ನೋಡಿದ. "ಅಣ್ಣ ಯೋಳೇ ಇಲ್ವಾ? ಕೂಸಿಗೆ ಅತ್ತಿಗೆ."

ಶಿವರುದ್ರಮ್ಮ ಬುಟ್ಟಿ ಇಳಿಸಿದಳು. ಹೇಳಬೇಡ ಅಂದವಳು ಅವಳೇ. ಅವನು ಹೇಳಲಿಲ್ಲ. ಹೇಳದೆಯೇ ಪ್ರತಿ ವರ್ಷ ಇಲ್ಲಿ ಬಂದು ಮಗಳಿಗೆ ಮೊದಲು ಇಕ್ಕಿಸಿ, ಆಮೇಲೆ ಹೊಲಕ್ಕೆ ಇಕ್ಕಿಸಿದ. ಬಾಗಿಲಲ್ಲಿ ಒಂದು ಗಳಿಗೆ ನಿಲ್ಲುತ್ತಿದ್ದನಲ್ಲ, ಅದು ಇಲ್ಲಿಗೆ ಕರೆಯಲು.

"ಏನಂತಿದ್ರು ಇಲ್ಲಿ ಕೂತ್ಕಂಡು?"

"ಏನೂ ಅಂತಿರ್ನಿಲ್ಲ. ನಾನು ತುತ್ತು ಇಕ್ಕಿದ್ಮ್ಯಾಲೆ ಒಸಿ ಹೊತ್ತು ಕೂತಿರೋನು. ಆಮ್ಯಾಕೆ ನಡೀಲಾ ಕರೀಮ ಅನ್ನೋನು."

ಅವಳು ಒಂದು ತುತ್ತು ಹುಳಿಯನ್ನ ಕಲ್ಲಿನ ಹತ್ತಿರ ಇಟ್ಟಳು. ಅದರ ಮೇಲೆ ಒಂದು ಚಿಗಳಿ ಉಂಡೆ ಇಟ್ಟಳು. ಇರುವೆ ಬಂದವು. ಅವಳು ಓಡಿಸಲಿಲ್ಲ. ಗುಡ್ಡೆಯ ಮೇಲೆ ಒಂದು ತುತ್ತು ಇಟ್ಟಳು. ಉಪ್ಪು ಹೆಚ್ಚಾಗೈತೆ ಅಂತ ಮೆಲ್ಲಗೆ ಹೇಳಿದಳು. ಅವನಿಗೆ ಉಪ್ಪು ಹೆಚ್ಚಾದರೆ ಸೇರುತ್ತಿರಲಿಲ್ಲ.

ಬುಟ್ಟಿಯಲ್ಲಿ ಅನ್ನ ಹಾಗೇ ಉಳಿದಿತ್ತು. ಹೊಲಕ್ಕಂತ ತಂದದ್ದನ್ನು ಮನೆಗೆ ಒಯ್ಯಬಾರದು. ಅವಳು ಸೆರಗಿನಲ್ಲಿ ಮುಖ ಒರೆಸಿಕೊಂಡು ಎದ್ದು ನಿಂತು ಹೊಲದ ಉದ್ದಕ್ಕೂ ನೋಡಿದಳು. ರಾಗಿಯ ನಡುವೆ ಅಲ್ಲೊಂದು ಇಲ್ಲೊಂದು ಸಾಲು ಎತ್ತರಕ್ಕೆ ಎದ್ದಿತ್ತು. ಅಕ್ಕಡಿ ಸಾಲು. ಈ ವರ್ಷವೂ ಕರೀಮ್ ಸಾಬನ ಎತ್ತಿನ ಹಿಂದೆ ನಡೆದು ಅವಳೇ ಕಾಳು ಬಿಟ್ಟಿದ್ದಳು. ಗಂಡ ತೀರಿಕೊಂಡ ವರ್ಷ ಹೊಲಕ್ಕೆ ಬರಬೇಡ ಅಂದವರಿದ್ದರು. ಕೆಲಸ ಅಲ್ಲವೇ ಅಂತ ಬಂದಿದ್ದಳು.

ಹತ್ತಿರ ಹೋಗಿ ತೊಗರಿ ಕೊಂಬೆ ಬಗ್ಗಿಸಿದಳು. ತುದಿಯಲ್ಲಿ ಮೊಗ್ಗಿತ್ತು. ಒಂದೂ ಬಿಚ್ಚಿರಲಿಲ್ಲ. ಕೆಳಗೆ ಅವರೆ ಬಳ್ಳಿ ಇನ್ನೂ ಹಬ್ಬುತ್ತಿತ್ತು. ಅದಕ್ಕೆ ಇಬ್ಬನಿ ಬೀಳಬೇಕು, ಆಮೇಲೆ ಹೂವು.

"ಕರೀಮಣ್ಣ, ಇದು?"

ಕರೀಮ್ ಸಾಬ್ ಬಂದು ನೋಡಿದ. ಗಡ್ಡ ಕೆರೆದುಕೊಂಡ. "ಅಣ್ಣ ಅಕ್ಕಡಿಗೆ ಅಂತ ಬ್ಯಾರೆ ಇಕ್ಕಿಸ್ತಿರ್ನಿಲ್ಲ. ರಾಗಿ ಜತೇಲೇ ಆಗೋಗದು."

"ಇದಿನ್ನೂ ಹೆತ್ತಿಲ್ಲ."

"ಹೆತ್ತಿಲ್ಲ."

"ಇದು ನಾನು ಬಿಟ್ಟ ಕಾಳು."

"ಹೂಂ ಅತ್ತಿಗೆ. ಇಕ್ಕಿ ಮತ್ತೆ. ಬ್ಯಾಡ ಅನ್ನಾಕೆ ಯಾರವ್ರೆ ಇಲ್ಲಿ?"

ಅವನು ಮುಂದೆ ನಡೆದ. ಅವಳು ಬುಟ್ಟಿಯನ್ನು ಸೊಂಟಕ್ಕಿಟ್ಟುಕೊಂಡು ಹಿಂದೆ ನಡೆದಳು. ಬದುವಿನ ಮೇಲೆ ನಿಂತ ಅಮೀನಾಬಿ ಸೆರಗನ್ನು ತಲೆ ಮೇಲೆ ಎಳೆದುಕೊಂಡಳು. ಮೊದಲ ಗಿಡದ ಬುಡಕ್ಕೆ ಶಿವರುದ್ರಮ್ಮ ತುತ್ತು ಇಟ್ಟಳು.

"ಉಂಡ್ಯೇನವ್ವಾ ಭೂಮ್ತಾಯೀ?" ಕರೀಮ್ ಸಾಬ್ ಕೂಗಿದ. ದನಿ ಗಟ್ಟಿಯಾಗಿತ್ತು. ಕೇಳುವವನ ಜಾಗ ಅವನಿಗೆ ಹೊಸದು.

ಶಿವರುದ್ರಮ್ಮನಿಗೆ ದನಿ ಬರಲಿಲ್ಲ.

ಸ್ವಲ್ಪ ಹೊತ್ತು ಕಾದ. ಅಭ್ಯಾಸಬಲ, ತಾನೇ ದನಿ ಸಣ್ಣ ಮಾಡಿಕೊಂಡು "ಉಂಡೆ ಕಣಪ್ಪಾ" ಅಂದುಬಿಟ್ಟ. ಬದುವಿನ ಮೇಲೆ ಅಮೀನಾಬಿ ಬಾಯಿಗೆ ಸೆರಗು ಒತ್ತಿಕೊಂಡಳು. ಕರೀಮ್ ಸಾಬ್ ನಾಲಿಗೆ ಕಚ್ಚಿಕೊಂಡ. ತಿರುಗಿ ನೋಡಲಿಲ್ಲ.

ತಿರುಗದ ಆ ಬೆನ್ನು ನೋಡುತ್ತ ಅವಳು ಸಾಲಿನುದ್ದಕ್ಕೂ ತುತ್ತು ಇಕ್ಕುತ್ತ ಹೋದಳು. ಎಡಕ್ಕೂ ಬಲಕ್ಕೂ ರಾಗಿ ತೆನೆ ಅವಳ ಸೀರೆಗೆ ತಾಗುತ್ತಿತ್ತು. ಹೊತ್ತಿಗೆ ಸರಿಯಾಗಿ ಒಬ್ಬಳೂ ಬಂದು ಉಣ್ಣಿಸದೆ ತಾನಾಗಿ ಹೆತ್ತ ರಾಗಿ. ಬುಟ್ಟಿ ತಳ ಕಂಡಿತು. ಕೊನೆಯ ಗಿಡದ ಬುಡಕ್ಕೆ ಕೊನೆಯ ತುತ್ತು ಇಟ್ಟಳು.

"ಉಂಡ್ಯೇನವ್ವಾ?" ಕರೀಮ್ ಸಾಬ್ ಇನ್ನೊಂದು ಸಲ ಕೂಗಿದ.

"ಉಂಡೆ ಕಣಪ್ಪಾ," ಅಂದಳು ಶಿವರುದ್ರಮ್ಮ. ಈ ಸಲ ದನಿ ಬಂತು. ಮುಂದಿನ ಮಾತಿಗೆ ಅವನು ಬೆನ್ನು ಮಾಡಿಕೊಂಡೇ ಕಾದ.

"ಹೊಟ್ಟೆ ತುಂಬ್ನಿಲ್ಲ," ಅಂದಳು.

ಅದು ಕ್ರಮದ ಮಾತಲ್ಲ. ಕರೀಮ್ ಸಾಬನಿಗೆ ಗೊತ್ತಿತ್ತು. ಅವನು ತಿದ್ದಲಿಲ್ಲ. ಟವೆಲ್ ಹೆಗಲಿಗೆ ಹಾಕಿಕೊಂಡು ಹೊಂಗೆ ಕಡೆ ನೋಡುತ್ತ ನಿಂತ.